ಫೋನ್ ಬದಲಾದರೂ ಯೂನಿವರ್ಸಿಟಿ ಖಾತೆ ಕೈತಪ್ಪದಿರಲು: ಎರಡು ಹಂತದ ಲಾಗಿನ್ ಸರಿಯಾಗಿ ಹೊಂದಿಸಿಕೊಳ್ಳುವ ಬಗೆ

‘ಹೊಸ ಫೋನ್ ತಗೊಂಡೆ, ಈಗ ಕಾಲೇಜಿನ ಮೇಲ್ ಓಪನ್ ಆಗ್ತಿಲ್ಲ, ಏನು ಮಾಡಲಿ?’ ಸೆಮಿಸ್ಟರ್ ಶುರುವಾಗುವಾಗ, ಪರೀಕ್ಷಾ ಶುಲ್ಕದ ಕೊನೆಯ ದಿನ ಹತ್ತಿರ ಬಂದಾಗ ವಿದ್ಯಾರ್ಥಿಗಳಿಂದ ತಪ್ಪದೇ ಬರುವ ಪ್ರಶ್ನೆ ಇದು. ಎಂಎಸ್ ಮಾಡಲು ಹೊರದೇಶಕ್ಕೆ ಹೋದವರು ಇದನ್ನೇ ಇನ್ನೊಂದು ರೀತಿ ಕೇಳುತ್ತಾರೆ: ‘ಒಟಿಪಿ ಭಾರತದ ನಂಬರ್‌ಗೆ ಹೋಗ್ತಿದೆ, ಆ ಸಿಮ್ ಊರಲ್ಲೇ ಉಳೀತು.’

ಮೊದಲು ಗ್ರಂಥಾಲಯಕ್ಕೊಂದು ಪಾಸ್‌ವರ್ಡ್, ಫೀಸು ಕಟ್ಟಲು ಇನ್ನೊಂದು, ಮೇಲ್‌ಗೆ ಮತ್ತೊಂದು ಇರುತ್ತಿತ್ತು. ಈಗ ವಿಶ್ವವಿದ್ಯಾಲಯಗಳ ಐಟಿ ವಿಭಾಗಗಳು ಎಲ್ಲವನ್ನೂ ಒಂದೇ ಲಾಗಿನ್‌ಗೆ ತರುತ್ತಿವೆ. ಇದನ್ನು ಸಿಂಗಲ್ ಸೈನ್-ಆನ್ ಅನ್ನುತ್ತಾರೆ. ವಿದ್ಯಾರ್ಥಿಗೆ ಇದರಿಂದ ನಿಜಕ್ಕೂ ಅನುಕೂಲ. ಆದರೆ ಆ ಒಂದು ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕರೆ ಮೇಲ್, ಅಂಕಪಟ್ಟಿ, ಫೀಸಿನ ರಸೀದಿ, ವಿದ್ಯಾರ್ಥಿವೇತನದ ಬ್ಯಾಂಕ್ ವಿವರ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಅದಕ್ಕಾಗಿಯೇ ಪಾಸ್‌ವರ್ಡ್ ಜೊತೆಗೆ ಫೋನಿನಲ್ಲೊಂದು ದೃಢೀಕರಣ ಕೇಳುವ ಎರಡು ಹಂತದ ಲಾಗಿನ್ ಬಂದಿದೆ. ಬಹಳ ಮಂದಿ ಎಡವುವುದು ಇಲ್ಲೇ: ಐಟಿ ವಿಭಾಗ ಕಡ್ಡಾಯ ಮಾಡಿದ ದಿನ ಫೋನಿನಲ್ಲಿ ಹೇಗೋ ಒಂದು ವಿಧಾನ ಜೋಡಿಸಿ ಸುಮ್ಮನಾಗುತ್ತಾರೆ. ಫೋನ್ ಹೋದರೆ ಆ ವಿಧಾನವೂ ಹೋಗುತ್ತದೆ. ಕನಿಷ್ಠ ಎರಡು ವಿಧಾನ ಇರಲೇಬೇಕು, ಅವೆರಡೂ ಒಂದೇ ಫೋನಿನೊಳಗೆ ಇರಬಾರದು. ಕೆಳಗಿನ ಹಂತಗಳೆಲ್ಲ ಇರುವುದು ಇದಕ್ಕಾಗಿಯೇ.

ಕೈಯಲ್ಲಿ ಏನೇನಿರಬೇಕು?

ನಿಮ್ಮ ಖಾತೆ ಈಗಾಗಲೇ ತೆರೆದಿರುವ ಒಂದು ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್, ನಿಮ್ಮ ಫೋನ್, ಒಂದು ಹಾಳೆ, ಪೆನ್ನು. ಮನೆಯಲ್ಲಿ ಹಳೆಯ ಸ್ಮಾರ್ಟ್‌ಫೋನ್ ಅಥವಾ ಟ್ಯಾಬ್ ಇದ್ದರೆ ಚಾರ್ಜ್ ಮಾಡಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಈ ಕೆಲಸ ಮಾಡಬೇಡಿ. ಐಟಿ ಸಹಾಯ ಕೇಂದ್ರ ತೆರೆದಿರುವ ದಿನವೇ ಕೂರಿ. ಶನಿವಾರ ರಾತ್ರಿ ಏನಾದರೂ ತಪ್ಪಿದರೆ ಸೋಮವಾರದವರೆಗೆ ಯಾರೂ ಸಿಗುವುದಿಲ್ಲ.

1. ನಿಮ್ಮದು ಯಾವ ಬಗೆಯ ಖಾತೆ ಎಂದು ತಿಳಿದುಕೊಳ್ಳಿ

ಕಾಲೇಜಿನ ಮೇಲ್ ತೆರೆದಾಗ ಜಿಮೇಲ್ ಕಂಡರೆ ಅದು ಗೂಗಲ್ ಖಾತೆ, ಔಟ್‌ಲುಕ್ ಅಥವಾ ಟೀಮ್ಸ್ ಕಂಡರೆ ಮೈಕ್ರೋಸಾಫ್ಟ್ ಖಾತೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಾಸ್‌ವರ್ಡ್ ಹಾಕಿದ ಮೇಲೆ ಡ್ಯುಯೊ ಎಂಬ ಪರದೆ ಬರುತ್ತದೆ. ಕರ್ನಾಟಕದ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇವುಗಳ ಜೊತೆಗೆ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಕ್ಕೆಂದು ಯುಯುಸಿಎಂಎಸ್ ಲಾಗಿನ್ ಕೂಡ ಇರುತ್ತದೆ. ಅದು ಕಾಲೇಜಿನ ಮೇಲ್‌ಗಿಂತ ಬೇರೆಯೇ ಖಾತೆ. ಮೇಲ್‌ನ ಪಾಸ್‌ವರ್ಡ್ ಬದಲಿಸಿದರೆ ಅದರದ್ದು ಬದಲಾಗುವುದಿಲ್ಲ.

2. ದಾಖಲಾಗಿರುವ ಮೊಬೈಲ್ ಸಂಖ್ಯೆ ನಿಮ್ಮದೇನಾ ನೋಡಿ

ಪ್ರತಿ ಖಾತೆಯ ಪ್ರೊಫೈಲ್ ತೆರೆದು ಮೊಬೈಲ್ ಸಂಖ್ಯೆ, ಬದಲಿ ಇಮೇಲ್ ಎರಡನ್ನೂ ಓದಿ. ಪ್ರವೇಶದ ಗಡಿಬಿಡಿಯಲ್ಲಿ ಸೈಬರ್ ಸೆಂಟರ್‌ನವರೇ ಅರ್ಜಿ ತುಂಬಿದ್ದರೆ, ಒಟಿಪಿ ಬೇಗ ಸಿಗಲೆಂದು ತಮ್ಮದೇ ನಂಬರ್, ತಮ್ಮದೇ ಇಮೇಲ್ ಹಾಕಿರುವುದುಂಟು. ಆಗ ಪಾಸ್‌ವರ್ಡ್ ಮರುಹೊಂದಿಸುವ ಒಟಿಪಿ ಹೋಗುವುದು ಅವರ ಫೋನಿಗೆ, ನಿಮಗಲ್ಲ. ಪ್ರೊಫೈಲ್‌ನಲ್ಲಿ ನೀವೇ ಬದಲಿಸಲು ಆಗದಿದ್ದರೆ ಗುರುತಿನ ಚೀಟಿ, ಆಧಾರ್ ಪ್ರತಿ ಹಿಡಿದು ಕಾಲೇಜು ಕಚೇರಿಯಲ್ಲಿ ಲಿಖಿತ ಅರ್ಜಿ ಕೊಡಿ. ಪರೀಕ್ಷಾ ಅರ್ಜಿ ಬರುವ ಮೊದಲೇ ಈ ಕೆಲಸ ಮುಗಿದಿರಲಿ.

ಬಿಟ್ಟುಬಿಟ್ಟ ಹಳೆಯ ನಂಬರ್ ಇನ್ನೂ ದಾಖಲೆಯಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು. ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು 90 ದಿನಗಳ ಮೇಲೆ ಕಂಪನಿಗಳು ಬೇರೆ ಗ್ರಾಹಕರಿಗೆ ಕೊಡಬಹುದು. ಆಮೇಲೆ ನಿಮ್ಮ ಒಟಿಪಿ ಗುರುತು ಪರಿಚಯವಿಲ್ಲದವರ ಕೈ ಸೇರುತ್ತದೆ.

3. ಪಾಸ್‌ವರ್ಡ್ ಬದಲಿಸಿ

ಕಾಲೇಜು ಕೊಟ್ಟ ಮೊದಲ ಪಾಸ್‌ವರ್ಡ್ ಸಾಮಾನ್ಯವಾಗಿ ಜನ್ಮದಿನಾಂಕ ಅಥವಾ ರಿಜಿಸ್ಟರ್ ನಂಬರ್‌ನ ಮೇಲೆ ಕಟ್ಟಿದ್ದು. ನಿಮ್ಮ ತರಗತಿಯ ಯಾರು ಬೇಕಾದರೂ ಊಹಿಸಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಆರಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ, ನಡುವೆ ಗೆರೆ ಹಾಕಿ. 16 ಅಕ್ಷರ ದಾಟಿದರೆ ಒಳ್ಳೆಯದು. ಗಾದೆ, ಹಾಡಿನ ಸಾಲು, ಊರಿನ ಹೆಸರಿನ ಮುಂದೆ 123 ಇವು ಬೇಡ. ಮೂರು ತಿಂಗಳಿಗೊಮ್ಮೆ ಬದಲಿಸುವ ಅಗತ್ಯವೂ ಇಲ್ಲ. ಹಾಗೆ ಒತ್ತಾಯಿಸಿದರೆ ಜನ ಕೊನೆಯ ಅಂಕಿಯೊಂದನ್ನು ಮಾತ್ರ ಬದಲಿಸುತ್ತಾರೆ ಎಂಬ ಕಾರಣಕ್ಕೆ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಕೂಡ ಆ ಪದ್ಧತಿಯನ್ನು ಕೈಬಿಡಲು ಹೇಳಿದೆ. ಸೋರಿಕೆಯ ಅನುಮಾನ ಬಂದ ದಿನ ಮಾತ್ರ ತಡಮಾಡದೆ ಬದಲಿಸಿ. ಇದೇ ಪಾಸ್‌ವರ್ಡನ್ನು ಶಾಪಿಂಗ್ ಆ್ಯಪ್‌ಗೂ ಕೊಡಬೇಡಿ.

4. ಆಥೆಂಟಿಕೇಟರ್ ಆ್ಯಪ್ ಜೋಡಿಸಿ

ಎಸ್‌ಎಂಎಸ್ ಒಟಿಪಿಗಿಂತ ಆ್ಯಪ್ ಮೇಲು. ಎಸ್‌ಎಂಎಸ್‌ಗೆ ಸಿಮ್ ಬೇಕು, ನೆಟ್‌ವರ್ಕ್ ಬೇಕು. ನಿಮ್ಮ ಹೆಸರಲ್ಲಿ ನಕಲಿ ಸಿಮ್ ಪಡೆದವರಿಗೂ ಅದು ಹೋಗುತ್ತದೆ. ಆಥೆಂಟಿಕೇಟರ್ ಆ್ಯಪ್‌ಗೆ ಇದ್ಯಾವುದೂ ಬೇಡ. ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ರಹಸ್ಯ ಕೀಲಿ ಫೋನಿಗೆ ಬಂದು ಕೂರುತ್ತದೆ. ಆ ಕೀಲಿ ಮತ್ತು ಗಡಿಯಾರದ ಸಮಯ ಸೇರಿಸಿ ಆ್ಯಪ್ 30 ಸೆಕೆಂಡಿಗೊಂದು ಆರಂಕಿಯ ಕೋಡ್ ಲೆಕ್ಕ ಹಾಕುತ್ತದೆ. ಸರ್ವರ್ ಕೂಡ ಅದೇ ಲೆಕ್ಕ ಹಾಕಿ ಎರಡೂ ಹೊಂದುತ್ತವೆಯೇ ನೋಡುತ್ತದೆ. ಇಂಟರ್ನೆಟ್ ಇಲ್ಲದ ಕಡೆಯೂ ಕೋಡ್ ಬರುತ್ತದೆ.

ಆ್ಯಪ್ ಇಳಿಸಿಕೊಳ್ಳುವಾಗ ಪ್ರಕಾಶಕರ ಹೆಸರು ನೋಡಿ. ಗೂಗಲ್, ಮೈಕ್ರೋಸಾಫ್ಟ್, ಡ್ಯುಯೊ ಮೂರರ ಆ್ಯಪ್‌ಗಳೂ ಉಚಿತ. ‘ಏಳು ದಿನ ಟ್ರಯಲ್, ಆಮೇಲೆ ವಾರಕ್ಕಿಷ್ಟು’ ಎಂದು ಹಣ ಕೇಳಿದರೆ ನೀವು ತಪ್ಪು ಆ್ಯಪ್ ಇಳಿಸಿದ್ದೀರಿ ಎಂದೇ ಅರ್ಥ.

ಗೂಗಲ್ ಖಾತೆಯಲ್ಲಿ: ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ ‘ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್’, ಅಲ್ಲಿಂದ ‘ಸೆಕ್ಯುರಿಟಿ’, ಅಲ್ಲಿಂದ ‘2-ಸ್ಟೆಪ್ ವೆರಿಫಿಕೇಶನ್’, ಆಮೇಲೆ ‘ಆಥೆಂಟಿಕೇಟರ್’. ಪರದೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಆ್ಯಪ್‌ನ ಒಳಗಿನಿಂದಲೇ, ಅಲ್ಲಿರುವ + ಗುರುತು ಒತ್ತಿ, ಸ್ಕ್ಯಾನ್ ಮಾಡಿ. ಆರಂಕಿಯ ಕೋಡ್ ಟೈಪ್ ಮಾಡಿ ‘ವೆರಿಫೈ’ ಒತ್ತುವವರೆಗೆ ಜೋಡಣೆ ಮುಗಿದಿರುವುದಿಲ್ಲ. ಸ್ಕ್ಯಾನ್ ಆದ ಕೂಡಲೇ ಟ್ಯಾಬ್ ಮುಚ್ಚಿಬಿಡುವವರು ಬಹಳ. ಆ್ಯಪ್‌ನಲ್ಲಿ ಕೋಡ್ ಕಾಣುತ್ತಿರುತ್ತದೆ, ಖಾತೆ ಮಾತ್ರ ಅದನ್ನು ಒಪ್ಪುವುದಿಲ್ಲ.

ಮೈಕ್ರೋಸಾಫ್ಟ್ ಖಾತೆಯಲ್ಲಿ: ‘ವ್ಯೂ ಅಕೌಂಟ್’, ‘ಸೆಕ್ಯುರಿಟಿ ಇನ್ಫೋ’, ‘ಆ್ಯಡ್ ಸೈನ್-ಇನ್ ಮೆಥಡ್’. ಫೋನಿನ ಆ್ಯಪ್‌ನಲ್ಲಿ + ಒತ್ತಿದಾಗ ‘ವರ್ಕ್ ಆರ್ ಸ್ಕೂಲ್ ಅಕೌಂಟ್’ ಆರಿಸಿ. ‘ಪರ್ಸನಲ್’ ಆರಿಸಿದರೆ ಕಾಲೇಜಿನ ಖಾತೆ ಸೇರುವುದಿಲ್ಲ. ಮುಂದೆ ಲಾಗಿನ್ ಆಗುವಾಗ ಪರದೆಯ ಮೇಲೆ ಎರಡಂಕಿಯ ಸಂಖ್ಯೆ ಬರುತ್ತದೆ, ಅದನ್ನು ಫೋನಿನಲ್ಲಿ ಟೈಪ್ ಮಾಡಬೇಕು. ಮೊದಲು ಬರೀ ‘ಅಪ್ರೂವ್’ ಒತ್ತಿದರೆ ಸಾಕಿತ್ತು. ಪಾಸ್‌ವರ್ಡ್ ಕದ್ದವರು ಮಧ್ಯರಾತ್ರಿ ಸಾಲು ಸಾಲು ಕೋರಿಕೆ ಕಳಿಸಿ, ಬೇಸತ್ತವರು ಒಮ್ಮೆ ‘ಅಪ್ರೂವ್’ ಒತ್ತುವವರೆಗೆ ಕಾಯುತ್ತಿದ್ದರು. ಅದನ್ನು ತಡೆಯಲು 2023ರಿಂದ ಈ ಸಂಖ್ಯೆಯ ಪದ್ಧತಿ ಕಡ್ಡಾಯವಾಗಿದೆ. ನೀವು ಲಾಗಿನ್ ಆಗದೇ ಇದ್ದಾಗ ಇಂಥ ಕೋರಿಕೆ ಬಂತೆಂದರೆ ನಿಮ್ಮ ಪಾಸ್‌ವರ್ಡ್ ಸೋರಿದೆ ಎಂದೇ ತಿಳಿಯಿರಿ. ‘ಡಿನೈ’ ಒತ್ತಿ, ಆಗಲೇ ಪಾಸ್‌ವರ್ಡ್ ಬದಲಿಸಿ.

ಎರಡು ಎಚ್ಚರಿಕೆ. ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ತೆಗೆದಿಡಬೇಡಿ. ರಹಸ್ಯ ಕೀಲಿ ಇರುವುದು ಅದರಲ್ಲೇ, ಆ ಚಿತ್ರ ಸಿಕ್ಕವರ ಫೋನಿನಲ್ಲೂ ನಿಮ್ಮ ಕೋಡ್‌ಗಳೇ ಬರುತ್ತವೆ. ಇನ್ನೊಂದು ಗಡಿಯಾರದ್ದು. ‘ಕೋಡ್ ಸರಿಯಾಗಿಯೇ ಹಾಕಿದೆ, ಆದರೂ ತಪ್ಪು ಅನ್ನುತ್ತೆ’ ಎಂಬ ದೂರಿಗೆ ಫೋನಿನ ಸಮಯ ಹಿಂದೆ ಮುಂದೆ ಆಗಿರುವುದೇ ಕಾರಣ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ‘ಆಟೊಮ್ಯಾಟಿಕ್’ ಮಾಡಿ. ಆಟಕ್ಕೋ ಆ್ಯಪ್‌ಗೋ ಸಮಯ ತಿರುಗಿಸಿಟ್ಟ ಫೋನುಗಳಲ್ಲಿ ಇದು ಖಂಡಿತ ಕಾಡುತ್ತದೆ.

5. ಎರಡನೇ ದಾರಿ ಇವತ್ತೇ ಮಾಡಿಡಿ

ಉಳಿದೆಲ್ಲ ಹಂತಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಸರಿಪಡಿಸಬಹುದು. ಇದನ್ನು ಬಿಟ್ಟರೆ ದಾರಿಯೇ ಇರುವುದಿಲ್ಲ.

ಗೂಗಲ್ ಖಾತೆಯಲ್ಲಿ ಅದೇ ಪುಟದಲ್ಲಿ ‘ಬ್ಯಾಕಪ್ ಕೋಡ್ಸ್’ ಇದೆ. ಒತ್ತಿದರೆ ಎಂಟಂಕಿಯ 10 ಕೋಡ್ ಬರುತ್ತವೆ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಹಾಳೆಯಲ್ಲಿ ಕೈಯಾರೆ ಬರೆದುಕೊಳ್ಳಿ ಅಥವಾ ಮುದ್ರಿಸಿ, ಮೇಲೆ ತಾರೀಖು ಹಾಕಿ. ಬಳಸಿದ ಕೋಡಿನ ಮೇಲೆ ಗೆರೆ ಎಳೆಯಿರಿ. ಹೊಸ ಪಟ್ಟಿ ಪಡೆದರೆ ಹಳೆಯ ಪಟ್ಟಿಯ ಕೋಡ್‌ಗಳೆಲ್ಲ ರದ್ದಾಗುವುದರಿಂದ ತಾರೀಖು ಮುಖ್ಯ. ಈ ಹಾಳೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಡುವ ಫೈಲಿನಲ್ಲಿ ಇರಲಿ. ಫೋನಿನ ಗ್ಯಾಲರಿಯಲ್ಲಿ ಅಥವಾ ಅದೇ ಖಾತೆಯ ಡ್ರೈವ್‌ನಲ್ಲಿ ಇಟ್ಟರೆ, ಬೇಕಾದ ಹೊತ್ತಿಗೆ ಅದೂ ಸಿಗುವುದಿಲ್ಲ. ಕೋಡಿನ ಪಕ್ಕದಲ್ಲಿ ಪಾಸ್‌ವರ್ಡ್ ಬರೆಯಬೇಡಿ.

ಮೈಕ್ರೋಸಾಫ್ಟ್‌ನ ಕಾಲೇಜು ಖಾತೆಯಲ್ಲಿ ಹೀಗೆ ಬರೆದಿಟ್ಟುಕೊಳ್ಳುವ ಕೋಡ್ ಪಟ್ಟಿ ಇಲ್ಲ. ಬದಲಿಗೆ ‘ಸೆಕ್ಯುರಿಟಿ ಇನ್ಫೋ’ ಪುಟದಲ್ಲಿ ಇನ್ನೊಂದು ಸಾಧನ ಸೇರಿಸಬೇಕು. ಹಳೆಯ ಫೋನ್ ಅಥವಾ ಟ್ಯಾಬ್ ಕೆಲಸಕ್ಕೆ ಬರುವುದು ಇಲ್ಲೇ. ಅದಕ್ಕೆ ಸಿಮ್ ಬೇಡ, ವೈಫೈ ಇದ್ದರೆ ಸಾಕು. ಅದನ್ನು ಮನೆಯಲ್ಲೇ ಇಡಿ, ಪರದೆಗೆ ಪಿನ್ ಹಾಕಿ. ಐಟಿ ವಿಭಾಗ ಅನುಮತಿಸಿದ್ದರೆ ಅಪ್ಪ ಅಥವಾ ಅಮ್ಮನ ಮೊಬೈಲ್ ಸಂಖ್ಯೆಯನ್ನೂ ಎರಡನೆಯದಾಗಿ ಕೊಡಬಹುದು. ಎಲ್ಲ ದಾರಿಗಳೂ ಮುಚ್ಚಿದರೆ ಸಹಾಯ ಕೇಂದ್ರದವರು ‘ಟೆಂಪರರಿ ಆ್ಯಕ್ಸೆಸ್ ಪಾಸ್’ ಎಂಬ, ಸ್ವಲ್ಪ ಹೊತ್ತು ಮಾತ್ರ ನಡೆಯುವ ಸಂಕೇತ ಕೊಡಬಲ್ಲರು. ಡ್ಯುಯೊ ಇರುವಲ್ಲಿ ಅದನ್ನು ‘ಬೈಪಾಸ್ ಕೋಡ್’ ಎನ್ನುತ್ತಾರೆ. ಗೂಗಲ್ ಖಾತೆಯಾದರೆ ಕಾಲೇಜಿನ ಅಡ್ಮಿನ್ ನಿಮಗಾಗಿ ಬ್ಯಾಕಪ್ ಕೋಡ್ ತೆಗೆದುಕೊಡಬಹುದು. ಹೋಗುವಾಗ ಈ ಹೆಸರು ಹಿಡಿದೇ ಕೇಳಿ, ಕೆಲಸ ಬೇಗ ಆಗುತ್ತದೆ.

ನಿಮ್ಮ ಸಂಸ್ಥೆ ಪಾಸ್‌ಕೀಗೆ ಅವಕಾಶ ಕೊಟ್ಟಿದ್ದರೆ ಅದನ್ನು ಮೊದಲ ವಿಧಾನವಾಗಿ ಮಾಡಿಕೊಳ್ಳಿ ಎಂಬುದು ನಮ್ಮ ಖಚಿತ ಸಲಹೆ. ಬೆರಳಚ್ಚು ಅಥವಾ ಫೋನಿನ ಪಿನ್ ಕೊಟ್ಟರೆ ಲಾಗಿನ್ ಆಗುತ್ತದೆ, ಟೈಪ್ ಮಾಡುವ ಕೋಡ್ ಇರುವುದಿಲ್ಲ. ನಕಲಿ ಲಾಗಿನ್ ಪುಟಕ್ಕೆ ನೀವು ಹಾಕಿದ ಆರಂಕಿಯ ಕೋಡನ್ನು ವಂಚಕರು ಅದೇ ಕ್ಷಣ ಅಸಲಿ ಪುಟಕ್ಕೆ ಹಾಕಿ ಒಳಹೋಗಬಲ್ಲರು. ಪಾಸ್‌ಕೀ ಅಸಲಿ ಜಾಲತಾಣದ ವಿಳಾಸಕ್ಕೆ ಕಟ್ಟಿಕೊಂಡಿರುವುದರಿಂದ ನಕಲಿ ಪುಟದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಪೆನ್‌ಡ್ರೈವ್‌ನಂತೆ ಚುಚ್ಚುವ ಯುಎಸ್‌ಬಿ ಭದ್ರತಾ ಕೀಲಿಯೂ ಹೀಗೆಯೇ. ಬೆಲೆ ಜಾಸ್ತಿ, ಎಲ್ಲರಿಗೂ ಬೇಕಿಲ್ಲ. ಕೊಂಡರೆ ಮಾತ್ರ ಎರಡು ಕೊಂಡು ಎರಡನ್ನೂ ನೋಂದಾಯಿಸಿ.

6. ಮಾಡಿದ್ದನ್ನು ಪರೀಕ್ಷಿಸಿ

ಲ್ಯಾಪ್‌ಟಾಪ್‌ನಲ್ಲಿ ತೆರೆದಿರುವ ಖಾತೆಯಿಂದ ಲಾಗೌಟ್ ಆಗಬೇಡಿ. ಅದು ಹಾಗೇ ಇರಲಿ. ಬ್ರೌಸರ್‌ನ ಪ್ರೈವೇಟ್ ವಿಂಡೊ ತೆರೆದು ಹೊಸದಾಗಿ ಲಾಗಿನ್ ಆಗಿ ನೋಡಿ. ಮೊದಲ ಸಲ ಆ್ಯಪ್‌ನಿಂದ. ಎರಡನೇ ಸಲ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ‘ಟ್ರೈ ಅನದರ್ ವೇ’ ಅಥವಾ ‘ಅದರ್ ಆಪ್ಶನ್ಸ್’ ಒತ್ತಿ ಬ್ಯಾಕಪ್ ಕೋಡ್ ಅಥವಾ ಎರಡನೇ ಸಾಧನದಿಂದ. ಎರಡೂ ಸಲ ಒಳಹೋದರೆ ಮಾತ್ರ ಮುಂದಕ್ಕೆ ಹೋಗಿ. ಏನಾದರೂ ತಪ್ಪಿದ್ದರೆ ತೆರೆದೇ ಇರುವ ಮೊದಲ ವಿಂಡೊದಿಂದ ಸರಿಪಡಿಸಬಹುದು.

7. ಎಡ್ಯುರೋಮ್ ವೈಫೈ ಇದ್ದರೆ

ಎಡ್ಯುರೋಮ್ ಎಂದರೆ ವಿಶ್ವವಿದ್ಯಾಲಯಗಳ ಹಂಚಿಕೆಯ ವೈಫೈ. ನಿಮ್ಮ ಸಂಸ್ಥೆಯ ಲಾಗಿನ್‌ನಿಂದಲೇ ಬೇರೆ ಸಂಸ್ಥೆಯ ಆವರಣದಲ್ಲೂ ಇಂಟರ್ನೆಟ್ ಸಿಗುತ್ತದೆ. ಭಾರತದಲ್ಲಿ ಇದರ ಹೊಣೆ ಅರ್ನೆಟ್ ಇಂಡಿಯಾ ಸಂಸ್ಥೆಯದು, ಬೆಂಗಳೂರಿನ ಐಐಎಸ್‌ಸಿಯಲ್ಲೂ ಇದೆ. ಯೂಸರ್‌ನೇಮ್ ಹಾಕುವಾಗ @ ಗುರುತಿನ ನಂತರದ ಭಾಗವೂ ಸೇರಿ ಪೂರ್ತಿ ಬರೆಯಬೇಕು. ಬರೀ ರಿಜಿಸ್ಟರ್ ನಂಬರ್ ಹಾಕಿದರೆ ಸ್ವಂತ ಕ್ಯಾಂಪಸ್‌ನಲ್ಲಿ ನಡೆದರೂ ಹೊರಗೆ ನಡೆಯದು. ವೈಫೈ ಅಸಲಿಯೇ ಎಂದು ಪರಿಶೀಲಿಸುವ ಸರ್ಟಿಫಿಕೇಟ್ ಕೇಳಿದಾಗ ‘ಡೋಂಟ್ ವ್ಯಾಲಿಡೇಟ್’ ಆರಿಸಬೇಡಿ. ಯಾರಾದರೂ ಅದೇ ಹೆಸರಿನ ನಕಲಿ ವೈಫೈ ಇಟ್ಟರೆ ನಿಮ್ಮ ಫೋನ್ ಅದನ್ನೂ ನಂಬಿ ಲಾಗಿನ್ ವಿವರ ಒಪ್ಪಿಸಿಬಿಡುತ್ತದೆ. ಸಂಸ್ಥೆ ಕೊಟ್ಟ ಪ್ರೊಫೈಲ್ ಅಥವಾ ಗೆಟ್‌ಎಡ್ಯುರೋಮ್ ಆ್ಯಪ್ ಬಳಸಿದರೆ ಇದೆಲ್ಲ ತಾನಾಗಿ ಸರಿಯಾಗುತ್ತದೆ.

ಪಾಸ್‌ವರ್ಡ್ ಬದಲಿಸಿದ ದಿನವೇ ಫೋನ್, ಲ್ಯಾಪ್‌ಟಾಪ್, ಟ್ಯಾಬ್ ಮೂರರಲ್ಲೂ ವೈಫೈ ಪಾಸ್‌ವರ್ಡನ್ನೂ ಬದಲಿಸಿ. ಇಲ್ಲದಿದ್ದರೆ ಅವು ಹಳೆಯದನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತವೆ. ಸರ್ವರ್‌ಗೆ ಅದು ದಾಳಿಯಂತೆ ಕಂಡು ಖಾತೆ ಲಾಕ್ ಆಗುತ್ತದೆ. ‘ಏನೂ ಮಾಡಿಲ್ಲ, ಗಂಟೆಗೊಮ್ಮೆ ಲಾಕ್ ಆಗುತ್ತಿದೆ’ ಎಂದರೆ ಮೊದಲು ಬ್ಯಾಗಿನಲ್ಲಿರುವ ಹಳೆಯ ಟ್ಯಾಬ್ ನೋಡಿ.

8. ಫೋನ್ ಬದಲಿಸುವಾಗ, ಹೊರದೇಶಕ್ಕೆ ಹೊರಡುವಾಗ

ಹೊಸ ಫೋನಿನಲ್ಲಿ ಆ್ಯಪ್ ಜೋಡಿಸಿ, ಲಾಗಿನ್ ಪರೀಕ್ಷಿಸಿದ ನಂತರವೇ ಹಳೆಯದನ್ನು ಅಳಿಸಿ. ಎಕ್ಸ್‌ಚೇಂಜ್ ಆಫರ್‌ನಲ್ಲಿ ಫೋನ್ ಕೊಡುವವರು ಒಂದು ದಿನ ಮೊದಲೇ ಈ ಕೆಲಸ ಮಾಡಬೇಕು. ಡೆಲಿವರಿಯವರು ಬಾಗಿಲಲ್ಲಿ ನಿಂತಾಗ ಇದು ಆಗದು. ಗೂಗಲ್ ಆಥೆಂಟಿಕೇಟರ್‌ನಲ್ಲಿ ‘ಟ್ರಾನ್ಸ್‌ಫರ್ ಅಕೌಂಟ್ಸ್’ ಮೂಲಕ ಕೋಡ್‌ಗಳು ಹೊಸ ಫೋನಿಗೆ ಹೋಗುತ್ತವೆ. ಮೈಕ್ರೋಸಾಫ್ಟ್ ಆ್ಯಪ್‌ನಲ್ಲಿ ಬ್ಯಾಕಪ್‌ನಿಂದ ಮರಳಿ ಪಡೆದಾಗ ಕಾಲೇಜು ಖಾತೆಯ ಹೆಸರು ಮಾತ್ರ ಕಾಣುತ್ತದೆ, ಮತ್ತೆ ಲಾಗಿನ್ ಆಗಿ ಜೋಡಿಸದೆ ಅದು ಕೆಲಸ ಮಾಡುವುದಿಲ್ಲ. ಹೆಸರು ಕಂಡಿತೆಂದು ಹಳೆಯ ಫೋನ್ ಫಾರ್ಮ್ಯಾಟ್ ಮಾಡಿ ಸಿಕ್ಕಿಬಿದ್ದವರು ಅನೇಕರು.

ಹೊರದೇಶಕ್ಕೆ ಹೊರಡುವವರು ಅಲ್ಲಿನ ವಿಶ್ವವಿದ್ಯಾಲಯದ ಖಾತೆಯನ್ನು ಇಲ್ಲಿದ್ದಾಗಲೇ ಸಕ್ರಿಯಗೊಳಿಸಿ, ಭಾರತದ ನಂಬರ್‌ಗಿಂತ ಮೊದಲು ಆ್ಯಪ್ ಜೋಡಿಸಿ. ಅಲ್ಲಿ ಹೊಸ ಸಿಮ್ ಸಿಕ್ಕ ದಿನ ಆ ನಂಬರ್ ಸೇರಿಸಿ. ಭಾರತದ ಸಿಮ್ ಬಿಸಾಡಬೇಡಿ, ರೀಚಾರ್ಜ್ ನಿಲ್ಲಿಸಬೇಡಿ. ಬ್ಯಾಂಕ್, ಆಧಾರ್, ಡಿಜಿಲಾಕರ್ ಒಟಿಪಿ ಎಲ್ಲ ಅದಕ್ಕೇ ಬರುತ್ತವೆ. ವಿಮಾನ ಹತ್ತುವ ಮೊದಲೇ ರೋಮಿಂಗ್ ಶುರುಮಾಡಿಸಿಕೊಳ್ಳಿ.

ಖಾತೆ ಕದಿಯುವ ಮೇಲ್ ಹೇಗಿರುತ್ತದೆ?

‘ಪ್ರಿಯ ವಿದ್ಯಾರ್ಥಿ, ನಿಮ್ಮ ಮೇಲ್‌ಬಾಕ್ಸ್ ತುಂಬಿದೆ. 24 ಗಂಟೆಯೊಳಗೆ ದೃಢೀಕರಿಸದಿದ್ದರೆ ಖಾತೆ ರದ್ದಾಗುತ್ತದೆ.’ ಇದೊಂದು ಬಗೆ. ‘ಪ್ರಾಧ್ಯಾಪಕರಿಗೆ ಪಾರ್ಟ್-ಟೈಮ್ ಸಹಾಯಕರು ಬೇಕು, ಮನೆಯಿಂದಲೇ ಕೆಲಸ’ ಎಂಬುದು ಇನ್ನೊಂದು. ಕಳಿಸಿದ ವಿಳಾಸ ನಿಮ್ಮದೇ ವಿಶ್ವವಿದ್ಯಾಲಯದ್ದು ಎಂದು ನಂಬಬೇಡಿ, ಅದು ಈಗಾಗಲೇ ಕಳುವಾದ ಸಹಪಾಠಿಯ ಖಾತೆಯಿಂದ ಬಂದಿರಬಹುದು. ಲಿಂಕ್ ಎಲ್ಲಿಗೆ ಒಯ್ಯುತ್ತದೆ ಎಂದು ನೋಡಿ. ವಿಳಾಸದ ಆರಂಭದ https:// ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ ಹಿಂದಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ‘ನಿಮ್ಮವಿವಿ ಡಾಟ್ ಎಸಿ ಡಾಟ್ ಇನ್ ಡಾಟ್ ಸ್ಟೂಡೆಂಟ್-ವೆರಿಫೈ ಡಾಟ್ ಕಾಮ್’ ಎಂದಿದ್ದರೆ ಅದರ ಒಡೆಯರು ‘ಸ್ಟೂಡೆಂಟ್-ವೆರಿಫೈ ಡಾಟ್ ಕಾಮ್’ನವರು, ನಿಮ್ಮ ವಿವಿಯವರಲ್ಲ. ‘ಎಸಿ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳನ್ನು ಅರ್ನೆಟ್ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ಡಾಟ್ ಕಾಮ್ ಯಾರು ಬೇಕಾದರೂ ಕೊಳ್ಳಬಹುದು. ಐಟಿ ಸಿಬ್ಬಂದಿಗೆ ನಿಮ್ಮ ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ಯಾವ ಕೆಲಸಕ್ಕೂ ಬೇಕಾಗುವುದಿಲ್ಲ.

ಈಗಾಗಲೇ ಖಾತೆ ಕಳುವಾಗಿದ್ದರೆ

ಪಾಸ್‌ವರ್ಡ್ ಬದಲಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ನಂಬಿಕೆಯ ಬೇರೆ ಸಾಧನದಿಂದ ಈ ಕ್ರಮದಲ್ಲಿ ಮಾಡಿ: ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ನಿಮಗೆ ಗೊತ್ತಿಲ್ಲದ ಫೋನ್, ನಂಬರ್, ಆ್ಯಪ್ ಏನಾದರೂ ಭದ್ರತಾ ಪುಟದಲ್ಲಿ ಸೇರಿದ್ದರೆ ತೆಗೆಯಿರಿ. ಆಮೇಲೆ ಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಜಿಮೇಲ್‌ನಲ್ಲಿ ‘ಫಿಲ್ಟರ್ಸ್’ ಮತ್ತು ‘ಫಾರ್ವರ್ಡಿಂಗ್’, ಔಟ್‌ಲುಕ್‌ನಲ್ಲಿ ‘ರೂಲ್ಸ್’ ಮತ್ತು ‘ಫಾರ್ವರ್ಡಿಂಗ್’ ನೋಡಿ. ಐಟಿ ವಿಭಾಗದ ಎಚ್ಚರಿಕೆ, ಸ್ನೇಹಿತರ ‘ಇದು ನೀನೇ ಕಳಿಸಿದ್ದಾ?’ ಎಂಬ ಮೇಲ್ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಅಳಿಸಿಹೋಗುವಂತೆ ಕಳ್ಳರು ಅಲ್ಲೊಂದು ನಿಯಮ ಬರೆದಿಟ್ಟಿರುತ್ತಾರೆ. ಅವರು ಹಾಕಿದ ಫಾರ್ವರ್ಡಿಂಗ್ ಉಳಿದರೆ ನಿಮ್ಮ ಮೇಲ್‌ಗಳ ನಕಲು ಅವರಿಗೆ ಹೋಗುತ್ತಲೇ ಇರಬಹುದು. ಇಷ್ಟಾದ ಮೇಲೆ ಐಟಿ ವಿಭಾಗಕ್ಕೆ ತಿಳಿಸಿ. ಹಣ ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಫೋನೇ ಕಳುವಾಗಿದ್ದರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಪೊಲೀಸ್ ದೂರು ಕೊಡಿ. ಅದರ ಪ್ರತಿ ಇಟ್ಟುಕೊಂಡು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಸಿಇಐಆರ್ ವಿಭಾಗದಲ್ಲಿ ಫೋನನ್ನು ನಿರ್ಬಂಧಿಸಬಹುದು. ಅದಕ್ಕೆ ಪ್ರತಿ ಫೋನಿಗೂ ಬೇರೆಯೇ ಇರುವ ಐಎಂಇಐ ಸಂಖ್ಯೆ ಬೇಕು. ಈಗಲೇ *#06# ಒತ್ತಿ, ಬರುವ 15 ಅಂಕಿಯನ್ನು ಬ್ಯಾಕಪ್ ಕೋಡ್ ಇರುವ ಹಾಳೆಯಲ್ಲೇ ಬರೆದಿಡಿ.

ಕೊನೆಯ ವರ್ಷದವರಿಗೆ

ಕೋರ್ಸ್ ಮುಗಿದ ಮೇಲೆ ಖಾತೆ ಎಷ್ಟು ದಿನ ಇರುತ್ತದೆ ಎಂದು ಐಟಿ ವಿಭಾಗಕ್ಕೆ ಈಗಲೇ ಕೇಳಿ. ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಸಂಗ್ರಹವನ್ನು ನಿಲ್ಲಿಸಿ, ಇಡೀ ಸಂಸ್ಥೆಗೆ ಮೂಲವಾಗಿ 100 ಟೆರಾಬೈಟ್ ಎಂದು ಗೊತ್ತುಮಾಡಿದೆ. ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಖಾತೆಗಳನ್ನು ಮುಚ್ಚುವ ಸಂಸ್ಥೆಗಳಿವೆ. ಡ್ರೈವ್ ಮತ್ತು ಮೇಲ್‌ನಲ್ಲಿರುವುದನ್ನು ‘ಗೂಗಲ್ ಟೇಕ್‌ಔಟ್’ನಿಂದ ಇಳಿಸಿಕೊಳ್ಳಿ. ಅಡ್ಮಿನ್ ಅನುಮತಿಸಿದ್ದರೆ ‘ಟ್ರಾನ್ಸ್‌ಫರ್ ಯುವರ್ ಕಂಟೆಂಟ್’ ಮೂಲಕ ನೇರವಾಗಿ ನಿಮ್ಮ ಸ್ವಂತ ಜಿಮೇಲ್‌ಗೂ ಕಳಿಸಬಹುದು. ಪ್ರಾಜೆಕ್ಟ್ ವರದಿ ಗುಂಪಿನ ಇನ್ನೊಬ್ಬರ ಡ್ರೈವ್‌ನಲ್ಲಿದ್ದರೆ ಅದು ನಿಮ್ಮ ಟೇಕ್‌ಔಟ್‌ಗೆ ಬರುವುದಿಲ್ಲ, ಪ್ರತಿ ಮಾಡಿಕೊಳ್ಳಿ. ಲಿಂಕ್ಡ್‌ಇನ್, ಉದ್ಯೋಗದ ತಾಣಗಳು, ವೀಸಾ ಅರ್ಜಿ, ಬ್ಯಾಂಕ್ ಎಲ್ಲೆಲ್ಲಿ ಕಾಲೇಜಿನ ಇಮೇಲ್ ಕೊಟ್ಟಿದ್ದೀರೋ ಅಲ್ಲೆಲ್ಲ ಸ್ವಂತ ಇಮೇಲ್ ಹಾಕಿ. ಆ ತಾಣಗಳು ಬದಲಾವಣೆಗೆ ಹಳೆಯ ವಿಳಾಸಕ್ಕೇ ಒಟಿಪಿ ಕಳಿಸಬಹುದು, ಹಾಗಾಗಿ ಕಾಲೇಜಿನ ಖಾತೆ ತೆರೆದಿರುವಾಗಲೇ ಈ ಪಟ್ಟಿ ಮುಗಿಸಬೇಕು.